ಬೆನ್ನಿನ ಸೂಜಿಗೆ ಬೆದರಬೇಕೆ?

"ಬೇರೇನಾದರೂ ಮಾಡಿ ಡಾಕ್ಟ್ರೇ, ಬೆನ್ನಿಗೆ ಮಾತ್ರ ಚುಚ್ಚಬೇಡಿ."

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅರಿವಳಿಕೆ ತಜ್ಞರು ರೋಗಿಯನ್ನು ನೋಡಲು ಬಂದಾಗ ಮತ್ತೆ ಮತ್ತೆ ಕೇಳಿಬರುವ ಮಾತಿದು. ಬೆಂಗಳೂರಿನ ಬಿಳೇಕಹಳ್ಳಿಯ ಹವಾನಿಯಂತ್ರಿತ ಆಸ್ಪತ್ರೆಯಾದರೂ ಅಷ್ಟೆ, ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಾದರೂ ಅಷ್ಟೆ. ಸ್ಕೂಟರಿನಿಂದ ಬಿದ್ದು ಕಾಲಿನ ಮೂಳೆ ಮುರಿದುಕೊಂಡ ಪಿಯುಸಿ ಹುಡುಗನ ಪರವಾಗಿ ಅವನ ತಾಯಿ ಹೇಳುತ್ತಾರೆ. ಸಿಸೇರಿಯನ್‌ಗೆ ಸಿದ್ಧಳಾದ ಮಗಳ ಪರವಾಗಿ ಅವಳ ಅಮ್ಮ ಹೇಳುತ್ತಾರೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತ ಅತ್ತೆಯೋ ಅಜ್ಜಿಯೋ ಸಾಕ್ಷಿ ನುಡಿಯಲು ತಯಾರು: "ನನ್ನ ಸೊಂಟ ಹಿಡಿದದ್ದೇ ಆ ಸೂಜಿಯಿಂದ. ಇವತ್ತಿಗೂ ಬಗ್ಗಿ ಒಂದು ಬಿಂದಿಗೆ ಎತ್ತಲಾಗುವುದಿಲ್ಲ."

ಅಜ್ಜಿಯ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಸೊಂಟ ನೋಯುವುದು ನಿಜ. ಆದರೆ ಅದರ ಅಪರಾಧಿ ಆ ಸೂಜಿಯೇ ಎಂಬುದು ಬೇರೆ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯದೆ ಮನೆಯವರು ರಾತ್ರೋರಾತ್ರಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. "ಪೂರ್ತಿ ನಿದ್ದೆ ಬರಿಸಿಬಿಡಿ, ಅದೇ ವಾಸಿ" ಎನ್ನುತ್ತಾರೆ. ಆಸ್ತಮಾ ಇರುವವರಿಗೆ, ಶ್ವಾಸಕೋಶ ಸೊರಗಿದ ಮುದುಕರಿಗೆ, ತುಂಬು ಬಸುರಿಗೆ ಈ 'ವಾಸಿ'ಯೇ ಹೆಚ್ಚು ಅಪಾಯದ ದಾರಿಯಾಗಬಹುದು. ಬಸುರಿಯ ಜಠರವನ್ನು ಗರ್ಭಕೋಶ ಮೇಲಕ್ಕೆ ಒತ್ತಿರುತ್ತದೆ. ಪೂರ್ತಿ ಎಚ್ಚರ ತಪ್ಪಿಸಿದಾಗ ಅಲ್ಲಿನ ಹುಳಿ ದ್ರವ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ ಹೆಚ್ಚು. ಅವಳ ಗಂಟಲಿನ ಒಳಭಾಗವೂ ಊದಿಕೊಂಡಿರುವುದರಿಂದ ಉಸಿರಿನ ಕೊಳವೆ ಇಳಿಸುವುದು ಕಷ್ಟ. ಇಂದು ಬಹುಪಾಲು ಸಿಸೇರಿಯನ್‌ಗಳನ್ನು ಬೆನ್ನಿನ ಸೂಜಿಯ ಆಸರೆಯಲ್ಲೇ ಮಾಡುವುದಕ್ಕೆ ಇದೇ ಮುಖ್ಯ ಕಾರಣ, ವೈದ್ಯರ ಅನುಕೂಲವಲ್ಲ.

ಕನ್ನಡದ 'ಅರಿವಳಿಕೆ' ಒಂದು ಸೊಗಸಾದ ಪದ. ಅರಿವು ಅಳಿಯುವುದು ಅರಿವಳಿಕೆ. ಸಾರ್ವತ್ರಿಕ ಅರಿವಳಿಕೆಗೆ, ಅಂದರೆ ರೋಗಿಗೆ ಸಂಪೂರ್ಣ ಎಚ್ಚರ ತಪ್ಪಿಸುವ ಕ್ರಮಕ್ಕೆ, ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಆದರೆ ಬೆನ್ನಿಗೋ ಭುಜಕ್ಕೋ ಚುಚ್ಚಿ ದೇಹದ ಒಂದು ಭಾಗವನ್ನಷ್ಟೇ ಜೋಮು ಹಿಡಿಸುವ ಕ್ರಮದಲ್ಲಿ ಅರಿವು ಅಳಿಯುವುದೇ ಇಲ್ಲ. ರೋಗಿ ಮಾತನಾಡುತ್ತಾನೆ, ಗೋಡೆಯ ಗಡಿಯಾರ ನೋಡುತ್ತಾನೆ, ಮಗುವಿನ ಮೊದಲ ಅಳು ಕೇಳುತ್ತಾಳೆ. ಅಳಿಯುವುದು ನೋವು ಮಾತ್ರ. ಪಠ್ಯಪುಸ್ತಕಗಳು ಇದನ್ನು 'ಪ್ರಾದೇಶಿಕ ಅರಿವಳಿಕೆ' ಎನ್ನುತ್ತವೆ. ಯಾವುದೋ ರಾಜಕೀಯ ಪಕ್ಷದ ಹೆಸರಿನಂತೆ ಕೇಳಿಸಿದರೂ ಅರ್ಥ ಸರಿಯಾಗಿಯೇ ಇದೆ: ದೇಹದ ಒಂದು ಪ್ರದೇಶಕ್ಕೆ ಸೀಮಿತವಾದದ್ದು.

ಇದರ ಚಿಕ್ಕ ರೂಪ ಎಲ್ಲರಿಗೂ ಪರಿಚಿತ. ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ದವಡೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ತುಟಿ ಇಡ್ಲಿಯಂತೆ ಊದಿದ ಅನುಭವ. ಕನ್ನಡಿಯಲ್ಲಿ ನೋಡಿದರೆ ಊದಿರುವುದಿಲ್ಲ. 'ಪಪ್ಪಾಯಿ' ಎನ್ನಲು ಹೋದರೆ ತುಟಿ ಕೂಡುವುದಿಲ್ಲ, ನೀರು ಕುಡಿದರೆ ಗಲ್ಲದ ಮೇಲೆ ಸೋರುತ್ತದೆ. ಆ ಇಂಜೆಕ್ಷನ್ನಿನಲ್ಲಿರುವ ಲಿಗ್ನೊಕೇನ್ ಮತ್ತು ಬೆನ್ನಿನ ಸೂಜಿಯಲ್ಲಿ ಸಾಮಾನ್ಯವಾಗಿ ಬಳಸುವ ಬುಪಿವಕೇನ್ ಒಂದೇ ಕುಟುಂಬದ ಸದಸ್ಯರು. ದವಡೆಯ ಸೂಜಿಗೆ ಹೆದರದವರು ಬೆನ್ನಿನ ಸೂಜಿಗೆ ಹೆದರುವುದು ಔಷಧಿಯಿಂದಲ್ಲ, ಜಾಗದಿಂದ.

ಔಷಧಿ ಮಾಡುವ ಕೆಲಸ ಇಷ್ಟೆ. ನೋವು ಎಂಬುದು ಗಾಯದಲ್ಲಿ ಇರುವ ವಸ್ತುವಲ್ಲ; ಗಾಯದಿಂದ ಮೆದುಳಿಗೆ ಹೋಗುವ ತಂತಿ ಸಂದೇಶ. ನರದ ಎಳೆಯ ಗೋಡೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆ. ಅವು ತೆರೆದಾಗ ಹೊರಗಿನ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಅಲ್ಲಿ ವಿದ್ಯುತ್ ಅಲೆಯೊಂದು ಏಳುತ್ತದೆ, ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಸುದ್ದಿ ದಾಟುತ್ತ ಹೋಗುತ್ತದೆ. ಪಿಯುಸಿ ಜೀವಶಾಸ್ತ್ರದ ವಿದ್ಯಾರ್ಥಿಗಳು ಈ ಚಿತ್ರವನ್ನು ಬರೆದು ಅಂಕ ಗಳಿಸಿರುತ್ತಾರೆ. ಲಿಗ್ನೊಕೇನ್, ಬುಪಿವಕೇನ್‌ಗಳು ನರದ ಪೊರೆಯನ್ನು ದಾಟಿ ಒಳಹೋಗಿ ಒಳಗಿನಿಂದ ಆ ಸೋಡಿಯಂ ಬಾಗಿಲಿಗೆ ಅಗುಳಿ ಹಾಕುತ್ತವೆ. ಅಲೆ ಅಲ್ಲಿಗೇ ನಿಲ್ಲುತ್ತದೆ. ಕತ್ತರಿ ಚರ್ಮದ ಮೇಲೆ ಓಡಿದ ಸುದ್ದಿ ಮೆದುಳಿಗೆ ತಲುಪುವುದೇ ಇಲ್ಲ. ಕೆಲವು ಗಂಟೆಗಳಲ್ಲಿ ರಕ್ತ ಔಷಧಿಯನ್ನು ಒಯ್ದುಬಿಡುತ್ತದೆ, ಅಗುಳಿ ತಾನಾಗಿ ಕಳಚುತ್ತದೆ, ನರ ಮೊದಲಿನಂತಾಗುತ್ತದೆ.

ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದಾಗ ದವಡೆಯ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದನ್ನು ಅನೇಕರು ಕಂಡಿರಬಹುದು. ಇದಕ್ಕೂ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಕೀವು ತುಂಬಿದ ಜಾಗ ಆಮ್ಲೀಯ. ಆಮ್ಲದಲ್ಲಿ ಔಷಧಿಯ ಅಣುಗಳು ವಿದ್ಯುದಂಶ ಹೊತ್ತುಕೊಳ್ಳುತ್ತವೆ. ವಿದ್ಯುದಂಶ ಹೊತ್ತ ಅಣು ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟಲಾರದು. ದಾಟದಿದ್ದರೆ ಅಗುಳಿ ಹಾಕುವವರು ಯಾರು?

ಈ ವಿದ್ಯೆಯ ಆರಂಭ ಕಣ್ಣಿನಿಂದ. ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಬೇರ್ಪಡಿಸಿದ ಕೊಕೇನ್ ನಾಲಗೆಗೆ ತಾಗಿದರೆ ಜೋಮು ಹಿಡಿಯುತ್ತದೆ ಎಂಬುದು ಹಲವರಿಗೆ ಗೊತ್ತಿತ್ತು. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್ 1884ರಲ್ಲಿ ಅದನ್ನು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹನಿಸಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದ. ರೆಪ್ಪೆ ಮಿಟುಕಲಿಲ್ಲ. ಆ ವರ್ಷ ಸೆಪ್ಟೆಂಬರ್ 15ರಂದು ಹೈಡಲ್‌ಬರ್ಗ್‌ನಲ್ಲಿ ನಡೆದ ನೇತ್ರವೈದ್ಯರ ಸಭೆಯಲ್ಲಿ ಈ ಸುದ್ದಿ ಓದಲಾಯಿತು. ಓದಿದವನು ಕೊಲ್ಲರ್ ಅಲ್ಲ, ಅವನ ಸ್ನೇಹಿತ. ಅಲ್ಲಿಗೆ ಹೋಗಲು ಕೊಲ್ಲರ್ ಬಳಿ ದುಡ್ಡಿರಲಿಲ್ಲ.

ಬೆನ್ನಿನ ಸೂಜಿ ಬಂದದ್ದು ಇನ್ನೂ ಹದಿನಾಲ್ಕು ವರ್ಷಗಳ ಮೇಲೆ. ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರ ಆಗಸ್ಟ್ 16ರಂದು, ಪಾದದ ಕೀಲಿಗೆ ಕ್ಷಯ ತಗುಲಿದ್ದ ಕೂಲಿಕಾರನೊಬ್ಬನ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಸೇರಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ. ರೋಗಿಗಳ ಮೇಲೆ ಮಾಡಿದ್ದನ್ನು ತನ್ನ ಮೇಲೂ ಮಾಡಿ ನೋಡಬೇಕೆಂಬ ಹಟ ಅವನದು. ವಾರದ ನಂತರ ಸಹಾಯಕ ಹಿಲ್ಡೆಬ್ರಾಂಟ್‌ಗೆ ಹೇಳಿ ತನ್ನ ಬೆನ್ನಿಗೇ ಚುಚ್ಚಿಸಿಕೊಂಡ. ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ಔಷಧಿ ಹೊರಗೆ ಚೆಲ್ಲಿತು, ಬೆನ್ನಿನ ದ್ರವವೂ ಸಾಕಷ್ಟು ಸೋರಿತು. ಆಮೇಲೆ ಪಾಳಿ ಬದಲಾಯಿತು. ಹಿಲ್ಡೆಬ್ರಾಂಟ್‌ಗೆ ಮದ್ದು ಸರಿಯಾಗಿ ಹಿಡಿಯಿತು. ಬಿಯರ್ ಅವನ ಕಾಲಿಗೆ ಉರಿಯುವ ಸಿಗಾರ್ ಇಟ್ಟ, ಮೊಣಕಾಲ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದ. ಹಿಲ್ಡೆಬ್ರಾಂಟ್ ಮುಖ ಕಿವುಚಲಿಲ್ಲ. ಇಬ್ಬರೂ ಸಂಭ್ರಮದಿಂದ ದ್ರಾಕ್ಷಾರಸ ಕುಡಿದರು. ಮರುದಿನ ಬಿಯರ್‌ಗೆ ಎದ್ದು ಕೂತರೆ ತಲೆ ಸಿಡಿಯುವ ನೋವು, ಮಲಗಿದರೆ ಮಾಯ. ಒಂಬತ್ತು ದಿನ ಹಾಸಿಗೆ ಹಿಡಿದ. ಹಿಲ್ಡೆಬ್ರಾಂಟ್‌ಗೂ ತಲೆನೋವು ತಪ್ಪಲಿಲ್ಲ. ಸಾಲದ್ದಕ್ಕೆ ಕಾಲಿನ ತುಂಬ ಸುತ್ತಿಗೆಯ ಕಲೆಗಳು. ಪ್ರಯೋಗದ ಉತ್ಸಾಹದಲ್ಲಿ ಗುರುಗಳು ಸ್ವಲ್ಪ ಜೋರಾಗಿಯೇ ಹೊಡೆದಿದ್ದರೆಂದು ಕಾಣುತ್ತದೆ.

ಬೆನ್ನಿನ ಸೂಜಿಯ ನಿಜವಾದ ಅಡ್ಡಪರಿಣಾಮ ಯಾವುದೆಂದು ಆ ಮೊದಲ ದಿನಗಳಲ್ಲೇ ಗೊತ್ತಾಯಿತು ಎನ್ನಬಹುದು. ಅದು ಸೊಂಟನೋವಲ್ಲ, ತಲೆನೋವು. ಸೂಜಿ ಮಾಡಿದ ತೂತಿನಿಂದ ದ್ರವ ಸೋರುತ್ತಿದ್ದರೆ ಮೆದುಳಿಗೆ ತೇಲುವ ಆಸರೆ ಕಡಿಮೆಯಾಗುತ್ತದೆ. ಎದ್ದಾಗ ಅದು ತುಸು ಕೆಳಗೆ ಜಗ್ಗಿ ತಲೆ ನೋಯುತ್ತದೆ. ಬಿಯರ್ ಬಳಸಿದ್ದು ದಪ್ಪ ಸೂಜಿ. ಇಂದಿನ ಸೂಜಿಯ ದಪ್ಪ ಅರ್ಧ ಮಿಲಿಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ತುದಿ ಸೀಳುವ ಚಾಕುವಿನಂತಲ್ಲ, ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳುವ ಪೆನ್ಸಿಲಿನ ಮೊನೆಯಂತೆ. ಆದ್ದರಿಂದ ಈ ತಲೆನೋವು ಈಗ ನೂರಕ್ಕೆ ಒಬ್ಬಿಬ್ಬರನ್ನು ಕಾಡಿದರೆ ಹೆಚ್ಚು. ಬಂದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಕೆಲವರಿಗೆ ಉಪಶಮನ ಕೊಡುತ್ತದೆ ಎಂಬುದು ಜಯನಗರ, ಬನಶಂಕರಿಯ ಫಿಲ್ಟರ್ ಕಾಫಿ ಭಕ್ತರಿಗೆ ಸಮಾಧಾನದ ಸುದ್ದಿ. ತೀರ ಹಟಮಾರಿ ನೋವಾದರೆ ರೋಗಿಯದೇ ರಕ್ತವನ್ನು ಸ್ವಲ್ಪ ತೆಗೆದು ಬೆನ್ನಿನ ಅದೇ ಜಾಗದ ಹೊರಪದರಕ್ಕೆ ಸೇರಿಸುತ್ತಾರೆ. ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆ ಹಾಕುತ್ತದೆ. ಇಡೀ ದಿನ ದಿಂಬಿಲ್ಲದೆ ಅಂಗಾತ ಮಲಗಿಸುವ ಹಳೆಯ ಪದ್ಧತಿ ಕೆಲವು ವಾರ್ಡುಗಳಲ್ಲಿ ಇನ್ನೂ ಇದೆ. ಅದರಿಂದ ತಲೆನೋವು ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಹಾಗಾದರೆ ಬೆನ್ನುಹುರಿಗೇ ಸೂಜಿ ತಾಗಿಬಿಟ್ಟರೆ? ತಾಯಂದಿರ ಮನಸ್ಸಿನ ದೊಡ್ಡ ಭಯ ಇದು. ದೇಹರಚನೆ ಇಲ್ಲಿ ಉಪಕಾರ ಮಾಡಿದೆ. ವಯಸ್ಕರ ಬೆನ್ನುಹುರಿ ಬೆನ್ನುಮೂಳೆಯ ಕೊನೆಯವರೆಗೆ ಇಳಿಯುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೆಯ ಕಶೇರುಮಣಿಯ ಬಳಿ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ದ್ರವದಲ್ಲಿ ತೇಲಾಡುವ ನರಗಳ ಗೊಂಚಲು. ನೀರಿನಲ್ಲಿ ಹರಡಿದ ಕುದುರೆ ಬಾಲದ ಹಾಗೆ. ಸೂಜಿ ಇಳಿಸುವುದು ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಮಣಿಗಳ ನಡುವೆ, ಇಲ್ಲವೇ ಇನ್ನೂ ಒಂದು ಸಂದು ಕೆಳಗೆ. ವೈದ್ಯರು ಎರಡು ಕೈಗಳಿಂದ ಸೊಂಟದ ಮೂಳೆಗಳ ನೆತ್ತಿಯನ್ನು ಮುಟ್ಟಿ ನೋಡುವುದು ಈ ಲೆಕ್ಕಕ್ಕಾಗಿಯೇ. ಆ ಎರಡನ್ನೂ ಸೇರಿಸುವ ಗೆರೆ ನಾಲ್ಕನೆಯ ಮಣಿಯ ಹತ್ತಿರ ಹಾದುಹೋಗುತ್ತದೆ. ರೋಗಿಯನ್ನು ಮುದುರಿ ಕೂರಿಸುವುದು, ಗಲ್ಲ ಎದೆಗೆ ತಾಗಿಸಿ ಎನ್ನುವುದು ಮಣಿಗಳ ನಡುವಿನ ಸಂದು ಅಗಲವಾಗಲಿ ಎಂದು. ಆ ಹೊತ್ತು ಅಲುಗಾಡದೆ ಕೂರುವುದು ರೋಗಿ ಮಾಡಬಹುದಾದ ದೊಡ್ಡ ಸಹಾಯ.

ಸೇರಿಸುವ ಔಷಧಿ ಎರಡು ಮೂರು ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚ. ಇಷ್ಟು ಸಣ್ಣ ಪ್ರಮಾಣ ಹೊಕ್ಕುಳಿನಿಂದ ಕೆಳಗೆಲ್ಲ ಜೋಮು ಹಿಡಿಸುವುದರ ಹಿಂದೆ ಹೈಸ್ಕೂಲಿನ ಭೌತಶಾಸ್ತ್ರವಿದೆ. ಔಷಧಿಯಲ್ಲಿ ಪ್ರತಿ ಮಿಲಿಲೀಟರಿಗೆ 80 ಮಿಲಿಗ್ರಾಂ ಗ್ಲೂಕೋಸ್ ಬೆರೆಸಿರುತ್ತಾರೆ. ಹೀಗಾಗಿ ಅದು ಬೆನ್ನಿನ ದ್ರವಕ್ಕಿಂತ ಸಾಂದ್ರ. ಪಾನಕದ ತಳದಲ್ಲಿ ಬೆಲ್ಲ ಕೂರುವಂತೆ ಇಳಿಜಾರಿನತ್ತ ಜಾರುತ್ತದೆ. ಎಡಗಾಲಿನ ಶಸ್ತ್ರಚಿಕಿತ್ಸೆಯಾದರೆ ರೋಗಿಯನ್ನು ಸ್ವಲ್ಪ ಹೊತ್ತು ಎಡ ಮಗ್ಗುಲಿಗೆ ಮಲಗಿಸಿದರೆ ಆ ಕಾಲು ಚೆನ್ನಾಗಿ ಜೋಮು ಹಿಡಿಯುತ್ತದೆ. ಮೇಜಿನ ತಲೆಯ ಭಾಗವನ್ನು ತಗ್ಗಿಸಿದರೆ ಮದ್ದು ಎದೆಯತ್ತ ಏರುತ್ತದೆ. ಮೊದಲು ಪಾದ ಬೆಚ್ಚಗಾಗುತ್ತದೆ, ಆಮೇಲೆ ತಣ್ಣನೆಯ ಮತ್ತು ನೋವಿನ ಅರಿವು ಹೋಗುತ್ತದೆ, ಕೊನೆಗೆ ಕಾಲು ಎತ್ತಲಾಗುವುದಿಲ್ಲ. ವೈದ್ಯರು ಸ್ಪಿರಿಟ್ ಹತ್ತಿಯನ್ನು ಸವರಿ "ತಣ್ಣಗಿದೆಯೇ?" ಎಂದು ಕೇಳುವುದು ಕುಶಲೋಪರಿಯಲ್ಲ, ಮದ್ದು ಎಲ್ಲಿಯವರೆಗೆ ಏರಿದೆ ಎಂಬ ಅಳತೆ. ಮುಟ್ಟಿದ, ಎಳೆದ ಅನುಭವ ಸ್ವಲ್ಪ ಉಳಿಯಬಹುದು. ಅದನ್ನೇ ನೋವೆಂದು ಹೆದರಬಾರದು. ನಿಜವಾಗಿ ನೋವಾದರೆ ಕೂಡಲೇ ಹೇಳಬೇಕು. ರಕ್ತದೊತ್ತಡ ಇಳಿದು ವಾಕರಿಕೆ ಬರುವುದೂ ಉಂಟು. ಅದಕ್ಕಾಗಿಯೇ ತಜ್ಞರು ತಲೆಯ ಬಳಿ ಕದಲದೆ ನಿಂತಿರುತ್ತಾರೆ.

ಇನ್ನು ಅಜ್ಜಿಯ ಸೊಂಟನೋವು. ಚುಚ್ಚಿದ ಜಾಗ ಒಂದೆರಡು ದಿನ, ಹೆಚ್ಚೆಂದರೆ ಒಂದು ವಾರ, ಇಂಜೆಕ್ಷನ್ ತೆಗೆದುಕೊಂಡ ತೋಳಿನಂತೆ ನೋಯುವುದುಂಟು. ವರ್ಷಗಟ್ಟಲೆ ಉಳಿಯುವ ನೋವಿಗೂ ಸೂಜಿಗೂ ಸಂಬಂಧವಿದೆಯೇ ಎಂದು, ಚುಚ್ಚಿಸಿಕೊಂಡ ಮತ್ತು ಚುಚ್ಚಿಸಿಕೊಳ್ಳದ ತಾಯಂದಿರನ್ನು ಹೋಲಿಸಿ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಎರಡೂ ಗುಂಪಿನಲ್ಲಿ ಸೊಂಟನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಬಸಿರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಕಟ್ಟುಗಳು ಸಡಿಲಾಗುತ್ತವೆ, ಹೊಟ್ಟೆಯ ಸ್ನಾಯುಗಳು ಹಿಗ್ಗಿ ಬಲ ಕಳೆದುಕೊಳ್ಳುತ್ತವೆ. ಆಮೇಲೆ ಬಗ್ಗಿ ಕುಳಿತು ಹಾಲೂಡಿಸುವುದು, ಮಗುವನ್ನು ಒಂದೇ ಸೊಂಟದ ಮೇಲೆ ಹೊರುವುದು, ಬಾಣಂತನ ಮುಗಿಯುತ್ತಲೇ ಬಿಂದಿಗೆ ಎತ್ತುವುದು. ಇಷ್ಟೂ ಕಾರಣಗಳನ್ನು ಬಿಟ್ಟು ಮನೆಯವರೆಲ್ಲ ಸೂಜಿಯನ್ನೇ ದೂರುವುದಕ್ಕೆ ಬಹುಶಃ ಒಂದೇ ಸಮಜಾಯಿಷಿ: ಸೂಜಿ ಎದುರು ಮಾತನಾಡುವುದಿಲ್ಲ. ಅಜ್ಜಿಗೆ ಬೇಕಾಗಿದ್ದದ್ದು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ ವ್ಯಾಯಾಮ, ಒಂದಿಷ್ಟು ವಿಶ್ರಾಂತಿ. ಅದನ್ನು ಆಗ ಯಾರೂ ಕೊಡಿಸಲಿಲ್ಲ.

ಅಪಾಯವೇ ಇಲ್ಲವೆಂದು ಹೇಳುವುದು ತಪ್ಪಾದೀತು. ಸೋಂಕು, ಒಳಗೆ ರಕ್ತ ಸೋರಿ ನರ ಒತ್ತಿಹೋಗುವುದು, ಕಾಲಿನ ಬಲಹೀನತೆ ಇವೆಲ್ಲ ಆಗಿರುವ ಉದಾಹರಣೆಗಳಿವೆ. ಬ್ರಿಟನ್ನಿನ ಅರಿವಳಿಕೆ ತಜ್ಞರು ದೇಶದಾದ್ಯಂತ ಒಂದು ವರ್ಷ ಲೆಕ್ಕವಿಟ್ಟು 2009ರಲ್ಲಿ ಪ್ರಕಟಿಸಿದರು. ಸುಮಾರು 7 ಲಕ್ಷ ಬೆನ್ನಿನ ಅರಿವಳಿಕೆಗಳಲ್ಲಿ ಶಾಶ್ವತ ಹಾನಿಯಾದದ್ದು ಲಕ್ಷಕ್ಕೆ 2ರಿಂದ 4 ಮಂದಿಗೆ. ಬನ್ನೇರುಘಟ್ಟ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದ ಮಗನನ್ನು ಟ್ಯೂಷನ್ನಿಗೆ ಕಳಿಸುವ ಮನೆಯವರು ಈ ಅಂಕಿಯನ್ನು ಒಮ್ಮೆ ಓದಿಕೊಳ್ಳಬೇಕು.

ಇದೇ ಬನ್ನೇರುಘಟ್ಟ ರಸ್ತೆಗೆ ಈ ವಿದ್ಯೆಯ ಚರಿತ್ರೆಯಲ್ಲಿ ಒಂದು ನಂಟಿದೆ. ಬಿಳೇಕಹಳ್ಳಿಯಲ್ಲಿ ವಾಸ್ತುಶಿಲ್ಪಿ ದೋಶಿ ರೂಪಿಸಿದ ಐಐಎಂನ ಕಲ್ಲಿನ ಕಟ್ಟಡಗಳು ಎಲ್ಲರಿಗೂ ಗೊತ್ತು. ಅದರ ಎದುರು 2006ರಲ್ಲಿ ವೋಕಾರ್ಡ್ ಹೆಸರಿನಲ್ಲಿ ಆರಂಭವಾದ ಆಸ್ಪತ್ರೆ 2009ರಲ್ಲಿ ಫೋರ್ಟಿಸ್ ಕೈಸೇರಿತು. ಅಲ್ಲಿಗೆ ಬರುವ ಮುಂಚೆಯೇ ನಗರದ ವೋಕಾರ್ಡ್ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರವೈದ್ಯ ಡಾ. ವಿವೇಕ್ ಜವಳಿ ಮತ್ತು ಅರಿವಳಿಕೆ ತಜ್ಞ ಡಾ. ಮುರಳಿ ಚಕ್ರವರ್ತಿ ಅವರ ತಂಡ ಒಂದು ಸಾಹಸದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಕಾಲಿಗೆ, ಹೊಟ್ಟೆಗೆ ಆಗುವುದಾದರೆ ಎದೆಗೇಕೆ ಆಗಬಾರದು? ರೋಗಿ ಎಚ್ಚರವಿರುವಾಗಲೇ ಹೃದಯಕ್ಕೆ ಬೈಪಾಸ್ ಮಾಡಬಹುದೇ?

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ದೇಹರಚನೆಯ ಲೆಕ್ಕ ಇಲ್ಲಿಯೂ ಒದಗಿಬರುತ್ತದೆ. ಎದೆಗೂಡಿನ ನೋವಿನ ನರಗಳು ಹೊರಡುವುದು ಬೆನ್ನಿನ ಮೇಲ್ಭಾಗದ ಮಣಿಗಳ ನಡುವಿನಿಂದ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ನರ ಹೊರಡುವುದು ಅದಕ್ಕಿಂತ ಮೇಲೆ, ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟದಿಂದ. ಕುತ್ತಿಗೆಯ ಬುಡದ ಬಳಿ ಬೆನ್ನುಹುರಿಯ ಹೊದಿಕೆಯ ಹೊರಗಿನ ಸಂದಿಗೆ ನೂಲಿನಂಥ ಕೊಳವೆ ಇಳಿಸಿ ಔಷಧಿಯನ್ನು ಅಳೆದು ಅಳೆದು ಹರಿಸಿದರೆ ಎದೆ ಜೋಮು ಹಿಡಿಯುತ್ತದೆ, ವಪೆ ಆಡುತ್ತಲೇ ಇರುತ್ತದೆ. ಇದು ಎಪಿಡ್ಯೂರಲ್ ವಿಧಾನ. ಸೊಂಟದ ಸೂಜಿಯಂತೆ ದ್ರವದೊಳಕ್ಕೆ ಹೋಗುವುದಿಲ್ಲ, ಹೊದಿಕೆಯ ಆಚೆಯೇ ನಿಲ್ಲುತ್ತದೆ. ಆದರೆ ಈ ಮಟ್ಟದಲ್ಲಿ ಬೆನ್ನುಹುರಿ ಪಕ್ಕದಲ್ಲೇ ಇರುವುದರಿಂದ ಪಳಗಿದ ಕೈಯೇ ಬೇಕು. ಮದ್ದು ಎರಡು ಮೂರು ಮಟ್ಟ ಹೆಚ್ಚು ಏರಿದರೆ ಉಸಿರು ನಿಲ್ಲುತ್ತದೆ.

ಎಚ್ಚರವಿರುವ ರೋಗಿಗೆ ಬೈಪಾಸ್ ಮಾಡಿದ ವರದಿಯನ್ನು ಟರ್ಕಿಯ ಅಂಕಾರಾದ ವೈದ್ಯರು 2000ದಲ್ಲಿ ಪ್ರಕಟಿಸಿದ್ದರು. ಬೆಂಗಳೂರಿನ ತಂಡ, ಬಡಿಯುತ್ತಿರುವ ಹೃದಯದ ಮೇಲೆಯೇ ಒಂದಕ್ಕಿಂತ ಹೆಚ್ಚು ರಕ್ತನಾಳಗಳನ್ನು ಎಪಿಡ್ಯೂರಲ್ ಒಂದರಿಂದಲೇ ಕಸಿ ಮಾಡಿದ ವರದಿಯನ್ನು 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. 2005ರ ಹೊತ್ತಿಗೆ ಇಂಥ ಮೊದಲ 151 ರೋಗಿಗಳ ಲೆಕ್ಕಪತ್ರವನ್ನೇ ಒಪ್ಪಿಸಿತು. ಅದೇ ವರ್ಷ, ಹೃದಯ-ಶ್ವಾಸಕೋಶ ಯಂತ್ರ ಜೋಡಿಸಿದಾಗಲೂ ರೋಗಿ ಎಚ್ಚರವಿದ್ದ ಶಸ್ತ್ರಚಿಕಿತ್ಸೆಗಳ ವರದಿ ಬಂತು. ಒಟ್ಟಾರೆ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ 2,113 ಮಂದಿಗೆ ಎದೆಯ ಎಪಿಡ್ಯೂರಲ್ ಕೊಟ್ಟ ಅನುಭವವನ್ನೂ ಈ ತಂಡ ಪ್ರಕಟಿಸಿದೆ. ಅವರಲ್ಲಿ ಹೆಚ್ಚಿನವರು ನಿದ್ದೆಯಲ್ಲೇ ಇದ್ದವರು, ಎಪಿಡ್ಯೂರಲ್ ನೋವು ನಿವಾರಣೆಗೆ ಜೊತೆಗೂಡಿತ್ತು.

ಹಾಗೆಂದು ಎಚ್ಚರದ ಬೈಪಾಸ್ ಎಲ್ಲೆಡೆ ವಾಡಿಕೆಯಾಗಲಿಲ್ಲ. ಎದೆ ತೆರೆಯುವಾಗ ಶ್ವಾಸಕೋಶದ ಪೊರೆ ಹರಿದರೆ ಎಚ್ಚರವಿರುವ ರೋಗಿಗೆ ಉಸಿರಾಡುವುದು ಕಷ್ಟ. ಆಗ ನಿದ್ದೆ ಬರಿಸಿ ಕೊಳವೆ ಹಾಕಲೇಬೇಕು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡುವುದರಿಂದ ಬೆನ್ನಿನೊಳಗೆ ರಕ್ತ ಸೋರುವ ಭಯವೂ ಇದೆ. ಜಗತ್ತಿನ ಬಹುಪಾಲು ಬೈಪಾಸ್‌ಗಳು ಇಂದಿಗೂ ಗಾಢ ನಿದ್ದೆಯಲ್ಲೇ ನಡೆಯುತ್ತವೆ. ಆದರೂ ಶ್ವಾಸಕೋಶ ತೀರ ಕೆಟ್ಟಿರುವ, ನಿದ್ದೆಯ ಮದ್ದನ್ನು ತಾಳಲಾರದ ರೋಗಿಗೆ ಇನ್ನೊಂದು ಬಾಗಿಲು ಇದೆ ಎಂಬುದು ಆ 151 ಮಂದಿಯಿಂದ ತಿಳಿಯಿತು. ಎದೆ ತೆರೆದಿರುವಾಗ "ಆಳವಾಗಿ ಉಸಿರೆಳೆಯಿರಿ" ಎಂದರೆ ಎಳೆಯಬಲ್ಲ ರೋಗಿಯ ಮುಂದೆ, ಕಾಲಿನ ಮೂಳೆಗೆ ರಾಡ್ ಹಾಕಿಸಿಕೊಳ್ಳುವ ಹುಡುಗನ ಭಯ ಸ್ವಲ್ಪ ಚಿಕ್ಕದಾಗಬೇಕು.

ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ನೋವಿಗೂ ಇದೇ ಕೊಳವೆ ಉಪಯೋಗಕ್ಕೆ ಬರುತ್ತದೆ. "ಆಪರೇಷನ್ ಆದ ಮೇಲೆ ನೋವಾಗದೆ ಇರುತ್ತದೆಯೇ, ಸಹಿಸಿಕೋ" ಎಂಬುದು ಮನೆಗಳಲ್ಲಿ ರೂಢಿಯಾದ ಬುದ್ಧಿವಾದ. ಇದು ಕೆಟ್ಟ ಬುದ್ಧಿವಾದ. ಹೊಟ್ಟೆ ಅಥವಾ ಎದೆಯ ಗಾಯ ನೋಯುತ್ತಿದ್ದರೆ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಶ್ವಾಸಕೋಶದಲ್ಲೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನೋವಿಗೆ ಹೆದರಿ ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಬಡಿತ ಏರುತ್ತದೆ, ನಿದ್ದೆ ಬರುವುದಿಲ್ಲ. ನರ್ಸ್ ಬಂದು ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದಾಗ ಎಂಟಾಗಿದ್ದರೆ ಎಂಟೆಂದೇ ಹೇಳಬೇಕು. ಒಳ್ಳೆಯ ಹುಡುಗನೆನಿಸಿಕೊಳ್ಳಲು ಎರಡು ಎನ್ನಬಾರದು. ಸಂಖ್ಯೆ ಹೇಳಲು ಬಾರದ ಚಿಕ್ಕ ಮಕ್ಕಳಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳ ಸಾಲು ತೋರಿಸುತ್ತಾರೆ. ಮಗು ಬೆರಳಿಡುವ ಮುಖವೇ ಅದರ ಉತ್ತರ. ಸಾಮಾನ್ಯವಾಗಿ ಮಕ್ಕಳಿಗೆ ಮೊದಲು ನಿದ್ದೆ ಬರಿಸಿ ಆಮೇಲೆ ಬೆನ್ನಿನ ತಳದಲ್ಲಿ ಚುಚ್ಚುತ್ತಾರೆ. ಎಚ್ಚರವಾಗುವಾಗ ಅಳು ಕಡಿಮೆಯಿರುವುದು ಅದರಿಂದ.

ಕೈ ಮುರಿದವರಿಗೆ ಬೆನ್ನಿನ ತಂಟೆಯೇ ಇಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಕೊರಳಮೂಳೆಯ ಬಳಿ ಒಂದು ಕಟ್ಟಾಗಿ ಸಿಗುತ್ತವೆ. ಅಲ್ಲಿ ಮದ್ದು ಸುರಿದರೆ ಇಡೀ ತೋಳು ಜೋಮು ಹಿಡಿಯುತ್ತದೆ. ಹಿಂದೆ ಅಂದಾಜಿನಿಂದ, ಕೈಗೆ ಜುಮ್ಮೆಂದಾಗ ಹೇಳಿ ಎಂದು ರೋಗಿಯನ್ನೇ ಕೇಳುತ್ತ ನರ ಹುಡುಕುತ್ತಿದ್ದರು. 1990ರ ದಶಕದಿಂದ ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನೂ ಸೂಜಿಯ ತುದಿಯನ್ನೂ ನೋಡುತ್ತಲೇ ಚುಚ್ಚುವುದು ಸಾಧ್ಯವಾಯಿತು. ಬಸುರಿಯ ಮಗು ನೋಡುವ ಯಂತ್ರವೇ ಇದು, ಕೆಲಸ ಮಾತ್ರ ಬೇರೆ.

ಮನೆಯವರು ಸರಿಯಾಗಿ ಮಾಡಬೇಕಾದ ಕೆಲಸಗಳು ಕೆಲವೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದೆ ಹೋಗಿದ್ದರೆ ಹೇಳಬೇಕು. ಬೆನ್ನಿನ ಮೇಲೆ ಕುರು ಎದ್ದಿದ್ದರೂ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಆರು ಗಂಟೆ ಮೊದಲು ಲಘು ಆಹಾರ ನಿಲ್ಲಬೇಕು, ಕರಿದ ತಿಂಡಿಯಾದರೆ ಇನ್ನೂ ಮೊದಲು. ಬರೀ ನೀರಾದರೆ ಎರಡು ಗಂಟೆ ಮೊದಲಿನವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೆನ್ನಿಗೆ ತಾನೇ ಚುಚ್ಚುವುದು, ಹೊಟ್ಟೆಗೇನು ಸಂಬಂಧ ಎಂದು ಹಸಿದ ಮಗನಿಗೆ ಮರೆಯಲ್ಲಿ ಎರಡು ಇಡ್ಲಿ ತಿನ್ನಿಸುವ ತಾಯಿಯ ಕರುಳು ಅರ್ಥವಾಗುವಂಥದ್ದೇ. ಆದರೆ ಮದ್ದು ಸಾಲದೆ ಹೋಗಿ ನಡುವೆ ನಿದ್ದೆ ಬರಿಸಬೇಕಾಗಿ ಬಂದರೆ ಆ ಎರಡು ಇಡ್ಲಿ ಗಂಟಲಿಗೆ ಬರುತ್ತವೆ. ತಿನ್ನಿಸಿದ್ದೇ ಆದರೆ ಒಪ್ಪಿಕೊಳ್ಳಬೇಕು. ಬೈಗುಳ ಬೀಳಬಹುದು, ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಅಷ್ಟೇ.

ತೋಳಿಗೆ ಮದ್ದು ಹಾಕಿಸಿಕೊಂಡವರು ಅದೇ ಸಂಜೆ ಮನೆಗೆ ಬರುವುದುಂಟು. ಜೋಮಿನ ಕೈಗೆ ಬಿಸಿ ತಟ್ಟೆ ತಾಗಿದರೂ ತಿಳಿಯುವುದಿಲ್ಲ, ಬಾಗಿಲ ಸಂದಿಗೆ ಸಿಕ್ಕರೂ ತಿಳಿಯುವುದಿಲ್ಲ. ಜೋಳಿಗೆ ಕಟ್ಟಿ ಜೋಪಾನ ಮಾಡಬೇಕು. ಮದ್ದು ಇಳಿಯುವುದು ಹೆಚ್ಚಾಗಿ ಮಧ್ಯರಾತ್ರಿ. ಆಗ ನೋವು ಒಮ್ಮೆಲೇ ನುಗ್ಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಲಗುವ ಮುಂಚೆ, ಜೋಮು ಇರುವಾಗಲೇ ಕೊಡಬೇಕು. "ಈಗ ನೋವಿಲ್ಲವಲ್ಲ" ಎಂದು ಎತ್ತಿಟ್ಟರೆ ಮನೆಮಂದಿಗೆಲ್ಲ ಜಾಗರಣೆ.

ಬೆನ್ನಿನ ಸೂಜಿಯಾದರೆ ಎರಡರಿಂದ ನಾಲ್ಕು ಗಂಟೆಗಳ ಲೆಕ್ಕ. ವಾರ್ಡಿಗೆ ತಂದ ಹುಡುಗ ಕಾಲುಗಳನ್ನು ಮುಟ್ಟಿ ನೋಡಿ, ಯಾರದೋ ಕಾಲು ತನ್ನ ಹಾಸಿಗೆಯಲ್ಲಿದೆ ಎನ್ನುತ್ತಾನೆ. ಹೊಟ್ಟೆಯ ಮೇಲೆ ಸ್ಪರ್ಶ ಮೊದಲು ಮರಳುತ್ತದೆ, ಆಮೇಲೆ ತೊಡೆಗೆ ಇಳಿಯುತ್ತದೆ. ಮೂತ್ರ ಬಾರದಿದ್ದರೆ ನಾಚದೆ ನರ್ಸಿಗೆ ತಿಳಿಸಬೇಕು. ಹೇಳಿದ ಹೊತ್ತು ಮೀರಿದರೂ ಕಾಲು ಅಲುಗದಿದ್ದರೆ, ಅಥವಾ ಒಮ್ಮೆ ಬಂದ ಬಲ ಮತ್ತೆ ಕಡಿಮೆಯಾದರೆ ಬೆಳಗಿನವರೆಗೆ ಕಾಯದೆ ವೈದ್ಯರನ್ನು ಕರೆಸಬೇಕು. ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ಕಾಫಿ ಕುಡಿಯಲು ಕೆಳಗಿಳಿದಿದ್ದ ಅಪ್ಪ ಲಿಫ್ಟಿನಿಂದ ಹೊರಬರುವಷ್ಟರಲ್ಲಿ ಪ್ಲಾಸ್ಟರಿನ ತುದಿಯಲ್ಲಿ ಹೆಬ್ಬೆರಳು ಅಲುಗಾಡುತ್ತಿರುತ್ತದೆ.